ತೂತು ಎಲ್ಲಿ ನಿಲ್ಲಬೇಕು? ಕ್ಯಾಡ್ ಕಲಿಯುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ

100 ಮಿಲಿಮೀಟರ್ ಉದ್ದ, 60 ಮಿಲಿಮೀಟರ್ ಅಗಲದ ಒಂದು ಪ್ಲೇಟು. ಸರಿಯಾಗಿ ನಡುವೆ ಒಂದು ತೂತು. ಇಬ್ಬರು ವಿದ್ಯಾರ್ಥಿಗಳು ಇದನ್ನು ಕಂಪ್ಯೂಟರಿನಲ್ಲಿ ಮಾಡುತ್ತಾರೆ. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ತೂಕ ಕೇಳಿದರೂ ಒಂದೇ ಉತ್ತರ. ಪ್ರಿಂಟ್ ತೆಗೆದು ಒಂದರ ಮೇಲೊಂದು ಇಟ್ಟು ನೋಡಿದರೆ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ.

ಈಗ ಉದ್ದವನ್ನು 100ರಿಂದ 120ಕ್ಕೆ ಬದಲಾಯಿಸಿ. ಮೊದಲನೆಯ ಪ್ಲೇಟಿನಲ್ಲಿ ತೂತು ತಾನೇ ಸರಿದು ಹೊಸ ನಡುವಿಗೆ ಬಂದು ಕೂರುತ್ತದೆ. ಎರಡನೆಯದರಲ್ಲಿ ಎಡ ಅಂಚಿನಿಂದ 50 ಮಿ.ಮೀ. ದೂರದಲ್ಲೇ ನಿಂತಿರುತ್ತದೆ.

ಯಾರದು ಸರಿ? ಈ ಪ್ರಶ್ನೆಗೆ ಪ್ಲೇಟನ್ನಷ್ಟೇ ನೋಡಿ ಉತ್ತರ ಹೇಳಲು ಆಗುವುದಿಲ್ಲ. ತೂತಿನಲ್ಲಿ ನೇತುಹಾಕುವ ಭಾರ ಎರಡೂ ಕಡೆ ಸಮನಾಗಿ ಹಂಚಬೇಕಿದ್ದರೆ ಮೊದಲನೆಯದು ಸರಿ. ಪ್ಲೇಟಿನ ಎಡ ಅಂಚು ಇನ್ನೊಂದು ಭಾಗಕ್ಕೆ ಒತ್ತಿ ಕೂತು, ಆ ಭಾಗದ ಬೋಲ್ಟ್ 50 ಮಿ.ಮೀ. ಆಚೆ ಬರುವಂತಿದ್ದರೆ ಎರಡನೆಯದೇ ಸರಿ. ಪ್ಲೇಟು ಯಾವ ಕೆಲಸಕ್ಕೆ ಅನ್ನುವುದು ಗೊತ್ತಿದ್ದವರು ಮಾತ್ರ ಉತ್ತರ ಹೇಳಬಲ್ಲರು.

ಕಂಪ್ಯೂಟರ್ ಏಡೆಡ್ ಡಿಸೈನ್, ಅಂದರೆ ನಾವೆಲ್ಲ ಕ್ಯಾಡ್ ಅನ್ನುವ ವಿದ್ಯೆ, ಇಡೀ ನಿಂತಿರುವುದು ಈ ಪ್ರಶ್ನೆಯ ಮೇಲೆ. ಈಗಂತೂ ಇದನ್ನು ಗಟ್ಟಿಯಾಗಿ ಹೇಳಬೇಕಾದ ಕಾಲ. 'ಎಲ್ ಆಕಾರದ ಬ್ರಾಕೆಟ್, ನಾಲ್ಕು ತೂತು' ಎಂದು ಬರೆದರೆ ಆಕಾರ ಮಾಡಿಕೊಡುವ ಎಐ ಸಾಧನಗಳು ಬಂದಿವೆ. ಇನ್ನು ಕ್ಯಾಡ್ ಕಲಿತು ಏನು ಪ್ರಯೋಜನ ಎಂದು ಮೊದಲ ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಉತ್ತರ ಸಿಗಬೇಕಾದರೆ ಕ್ಯಾಡ್ ಮಾಡೆಲ್ ಒಳಗೆ ಏನಿರುತ್ತದೆ ಎಂದು ಮೊದಲು ನೋಡಬೇಕು.

ಗೆರೆ ಎಳೆಯುವುದು ಮತ್ತು ನಿಯಮ ಹೇಳುವುದು

1963ರಲ್ಲಿ ಐವನ್ ಸದರ್‌ಲ್ಯಾಂಡ್ ಎಂಬ ಸಂಶೋಧಕ ಎಂಐಟಿಯಲ್ಲಿ ತನ್ನ ಪಿಎಚ್‌ಡಿಗಾಗಿ ಸ್ಕೆಚ್‌ಪ್ಯಾಡ್ ಎಂಬ ಪ್ರೋಗ್ರಾಂ ಮಾಡಿದ. ಲಿಂಕನ್ ಪ್ರಯೋಗಾಲಯದ ಟಿಎಕ್ಸ್-2 ಎಂಬ ದೊಡ್ಡ ಕಂಪ್ಯೂಟರಿನ ಮುಂದೆ ಕೂತು, ಲೈಟ್ ಪೆನ್ನಿನಿಂದ ಪರದೆಯ ಮೇಲೆ ನೇರವಾಗಿ ಗೆರೆ ಎಳೆಯಬಹುದಿತ್ತು. ಆ ಕಾಲಕ್ಕೆ ಅದೇ ದೊಡ್ಡ ಅಚ್ಚರಿ. ನನಗೆ ಅದಕ್ಕಿಂತ ಮುಖ್ಯ ಅನಿಸುವುದು ಇನ್ನೊಂದು ವಿಷಯ. ಸೊಟ್ಟಂಬಟ್ಟ ಎಳೆದ ಎರಡು ಗೆರೆ ತೋರಿಸಿ 'ಇವು ಸಮಾನಾಂತರ ಇರಲಿ', 'ಇವುಗಳ ಉದ್ದ ಒಂದೇ ಇರಲಿ' ಎಂದು ಹೇಳಿದರೆ ಆ ಪ್ರೋಗ್ರಾಂ ಚಿತ್ರವನ್ನು ಹಾಗೆ ಸರಿಪಡಿಸುತ್ತಿತ್ತು. ಗೆರೆಯ ಜೊತೆಗೆ ಗೆರೆ ಪಾಲಿಸಬೇಕಾದ ನಿಯಮವನ್ನೂ ಕಂಪ್ಯೂಟರಿಗೆ ಹೇಳುವ ಯೋಚನೆ ಅಲ್ಲೇ ಇತ್ತು. ಇವತ್ತು ಕ್ಯಾಡ್‌ನಲ್ಲಿ ಕನ್‌ಸ್ಟ್ರೇಂಟ್ ಅನ್ನುತ್ತೇವಲ್ಲ, ಅದೇ ಇದು.

ಆದರೆ ಅದು ಎಲ್ಲರ ಮೇಜಿಗೆ ಬಂದದ್ದು ತಡವಾಗಿ. 1982ರ ಕೊನೆಗೆ ಬಂದ ಆಟೋಕ್ಯಾಡ್ ಸಾಮಾನ್ಯ ಪರ್ಸನಲ್ ಕಂಪ್ಯೂಟರಿನಲ್ಲಿ ನಡೆಯುತ್ತಿತ್ತು. ಆದ್ದರಿಂದಲೇ ಬೇಗ ಹರಡಿತು. ಅದು ಮೂಲತಃ ಡ್ರಾಯಿಂಗ್ ಬೋರ್ಡಿನ ಕೆಲಸವನ್ನು ಕಂಪ್ಯೂಟರಿಗೆ ತಂದಿತು: ಗೆರೆ, ವೃತ್ತ, ಅಳತೆ. ತಿದ್ದುವುದು, ನಕಲು ಮಾಡುವುದು ಬಹಳ ಸುಲಭವಾಯಿತು. ಆದರೆ ನಾಲ್ಕು ಗೆರೆ ಸೇರಿದರೆ ಒಂದು ಪ್ಲೇಟು ಎಂಬುದು ಆ ಕಡತಕ್ಕೆ ಗೊತ್ತಿರಲಿಲ್ಲ. 1980ರ ದಶಕದ ಕೊನೆಗೆ ಪಿಟಿಸಿ ಕಂಪನಿಯ ಪ್ರೋ/ಎಂಜಿನಿಯರ್ ಬಂದ ಮೇಲೆ ಚಿತ್ರ ಬದಲಾಯಿತು. ಅಳತೆಗಳೇ ಆಕಾರವನ್ನು ನಡೆಸುವ, ಪ್ರತಿ ಹೆಜ್ಜೆಯೂ ಫೀಚರ್ ಆಗಿ ನೆನಪಿನಲ್ಲಿ ಉಳಿಯುವ ಪದ್ಧತಿ ಉದ್ಯಮದಲ್ಲಿ ನೆಲೆಯೂರಿತು. 1995ರಲ್ಲಿ ಸಾಲಿಡ್‌ವರ್ಕ್ಸ್ ಅದೇ ಪದ್ಧತಿಯನ್ನು ವಿಂಡೋಸ್‌ಗೆ ತಂದಿತು. ಈಗ ನೀವು ಹೆಚ್ಚಿನ ಮೆಕ್ಯಾನಿಕಲ್ ಕ್ಯಾಡ್ ಸಾಫ್ಟ್‌ವೇರ್‌ಗಳನ್ನು ತೆರೆದರೆ ಒಂದು ಪಕ್ಕದಲ್ಲಿ ಮರದಂತೆ ಒಂದು ಪಟ್ಟಿ ಕಾಣುತ್ತದೆ, ಅಲ್ವಾ? ಸ್ಕೆಚ್, ಎಕ್ಸ್‌ಟ್ರೂಡ್ (ಸ್ಕೆಚ್ಚನ್ನು ಎಳೆದು ದಪ್ಪ ಕೊಡುವುದು), ತೂತು, ಫಿಲೆಟ್ (ಅಂಚನ್ನು ದುಂಡಗೆ ಮಾಡುವುದು)... ಅದು ನೀವು ಮಾಡಿದ ನಿರ್ಧಾರಗಳ ದಾಖಲೆ.

ಒಂದು ಆಯತವನ್ನು ಕಟ್ಟಿಹಾಕಲು ಎಷ್ಟು ನಿಯಮ ಬೇಕು?

ಸ್ಕೆಚ್ ಮಾಡುವಾಗ ಗೆರೆಗಳು ಒಂದು ಬಣ್ಣದಿಂದ ಇನ್ನೊಂದಕ್ಕೆ ತಿರುಗುವುದನ್ನು ನೋಡಿರುತ್ತೀರಿ. ಎಷ್ಟೋ ಜನ ಬಣ್ಣ ತಿರುಗುವ ತನಕ ಅಲ್ಲೊಂದು ಇಲ್ಲೊಂದು ಅಳತೆ ಸುಮ್ನೆ ಹಾಕುತ್ತಾ ಹೋಗುತ್ತಾರೆ. ಒಮ್ಮೆ ಕೈಯಲ್ಲಿ ಲೆಕ್ಕ ಮಾಡಿದರೆ ಇದು ಕಾಯಂ ಆಗಿ ಅರ್ಥವಾಗುತ್ತದೆ.

ಸಮತಲದಲ್ಲಿ ಒಂದು ಬಿಂದು ಎರಡು ರೀತಿ ಚಲಿಸಬಲ್ಲದು: ಅಡ್ಡಕ್ಕೆ, ಉದ್ದಕ್ಕೆ. ಒಂದು ಗೆರೆಗೆ ಎರಡು ತುದಿ, ಹಾಗಾಗಿ ನಾಲ್ಕು ಸ್ವಾತಂತ್ರ್ಯ. ಬಿಡಿಬಿಡಿಯಾಗಿ ನಾಲ್ಕು ಗೆರೆ ಇದ್ದರೆ 16. ನಾಲ್ಕು ಮೂಲೆಗಳಲ್ಲಿ ತುದಿಗಳನ್ನು ಸೇರಿಸಿದಾಗ ಪ್ರತಿ ಮೂಲೆಯಲ್ಲೂ ಎರಡು ಹೋಗುತ್ತವೆ. ಉಳಿದದ್ದು 8. ಎರಡು ಗೆರೆ ಅಡ್ಡ, ಎರಡು ಗೆರೆ ನೆಟ್ಟಗೆ ಇರಲಿ ಎಂದಾಗ ಇನ್ನೂ ನಾಲ್ಕು ಹೋಗಿ 4 ಉಳಿಯುತ್ತದೆ. ಉದ್ದ ಮತ್ತು ಅಗಲ ಕೊಟ್ಟರೆ 2. ಕೊನೆಗೆ ಒಂದು ಮೂಲೆಯನ್ನು ಮೂಲಬಿಂದುವಿಗೆ ಕಟ್ಟಿದರೆ ಸೊನ್ನೆ. ಸ್ಕೆಚ್ ಪೂರ್ತಿ ನಿರ್ಧಾರವಾಯಿತು.

ಆ ಕೊನೆಯ ಎರಡರಲ್ಲೇ ಇರುವುದು ನಮ್ಮ ಪ್ಲೇಟಿನ ಕಥೆ. ಮೂಲೆಯನ್ನು ಮೂಲಬಿಂದುವಿಗೆ ಕಟ್ಟಿದರೆ ಪ್ಲೇಟು ಒಂದು ದಿಕ್ಕಿಗೆ ಬೆಳೆಯುತ್ತದೆ. ನಡುವನ್ನು ಕಟ್ಟಿದರೆ ಎರಡೂ ಕಡೆ ಸಮನಾಗಿ ಬೆಳೆಯುತ್ತದೆ. ಸಾಫ್ಟ್‌ವೇರಿಗೆ ಎರಡೂ ಒಪ್ಪಿಗೆಯೇ. ಯಾವುದು ಬೇಕು ಎಂದು ಅದು ಕೇಳುವುದೂ ಇಲ್ಲ. ಪೂರ್ತಿ ನಿರ್ಧಾರವಾದ ಸ್ಕೆಚ್ ಮತ್ತು ಸರಿಯಾಗಿ ನಿರ್ಧಾರವಾದ ಸ್ಕೆಚ್ ಬೇರೆ ಬೇರೆ ಎಂಬುದು ಹೊಳೆದ ದಿನ ಕ್ಯಾಡ್ ಕಲಿಕೆ ನಿಜವಾಗಿ ಶುರುವಾಗುತ್ತದೆ ಎಂದು ನನ್ನ ನಂಬಿಕೆ.

ಪರದೆಯ ಹಿಂದೆ ನಡೆಯುವುದು

ಘನವಸ್ತುವನ್ನು ಕಂಪ್ಯೂಟರು ಹೇಗೆ ನೆನಪಿಟ್ಟುಕೊಳ್ಳುತ್ತದೆ? ಹೆಚ್ಚಿನ ಎಂಜಿನಿಯರಿಂಗ್ ಕ್ಯಾಡ್‌ನಲ್ಲಿ ಅದು ವಸ್ತುವಿನ ಮೇಲ್ಮೈಗಳನ್ನು, ಅವು ಸೇರುವ ಅಂಚುಗಳನ್ನು, ಅಂಚುಗಳು ಸೇರುವ ಮೂಲೆಗಳನ್ನು ಬರೆದಿಡುತ್ತದೆ. ಯಾವ ಅಂಚು ಯಾವ ಎರಡು ಮೇಲ್ಮೈಗಳ ನಡುವೆ ಇದೆ ಎಂಬ ಸಂಬಂಧವನ್ನೂ ಇಡುತ್ತದೆ. ಒಂದು ಘನಕ್ಕೆ 8 ಮೂಲೆ, 12 ಅಂಚು, 6 ಮೇಲ್ಮೈ. 8ರಿಂದ 12 ಕಳೆದು 6 ಕೂಡಿಸಿದರೆ 2. ತೂತಿಲ್ಲದ ಯಾವ ಸಾದಾ ಬಹುಮುಖಿಗಾದರೂ ಈ 2 ಬದಲಾಗುವುದಿಲ್ಲ. ಇದು ಗಣಿತಜ್ಞ ಆಯ್ಲರ್ ಹೆಸರಿನ ಸೂತ್ರ. ಮಾಡೆಲ್ ಎಲ್ಲೂ ಬಿರುಕಿಲ್ಲದೆ ಮುಚ್ಚಿಕೊಂಡಿದೆಯೇ ಎಂದು ನೋಡಲು ಈ ಬಗೆಯ ಲೆಕ್ಕ ನೆರವಾಗುತ್ತದೆ.

ಬಾಗಿದ ಮೇಲ್ಮೈಗಳ ಗಣಿತ ಬಂದದ್ದು ಕಾರು ತಯಾರಕರಿಂದ. ಫ್ರಾನ್ಸಿನಲ್ಲಿ ಸಿಟ್ರೋಯನ್‌ನ ಪಾಲ್ ದ ಕಾಸ್ತೆಲ್ಜೋ, ರೆನೋದ ಪಿಯರ್ ಬೆಜಿಯೆ ಇಬ್ಬರೂ ಕಾರಿನ ಮೈಯ ಬಾಗನ್ನು ಸಂಖ್ಯೆಗಳಲ್ಲಿ ಹಿಡಿಯುವ ದಾರಿಯನ್ನು ಬೇರೆ ಬೇರೆಯಾಗಿ ಕಂಡುಕೊಂಡರು. ಹೆಸರು ಉಳಿದದ್ದು ಬೆಜಿಯೆಯದು.

ಈ ಒಳಗಿನ ರಚನೆ ಗೊತ್ತಿದ್ದರೆ, ದಿನವೂ ಕಾಡುವ ಒಂದು ತೊಂದರೆ ಅರ್ಥವಾಗುತ್ತದೆ. ನಾನು ಕಲಿಯುತ್ತಿದ್ದಾಗ ಒಂದು ಮುಚ್ಚಳದ ಮಾಡೆಲ್ ಮಾಡಿದ್ದೆ. ಚೆಂದ ಕಾಣಲಿ ಎಂದು ಅಂಚುಗಳಿಗೆಲ್ಲ ಮೊದಲೇ 3 ಮಿ.ಮೀ. ಫಿಲೆಟ್ ಹಾಕಿದೆ. ಆಮೇಲೆ ಒಳಗಿನ ಪಕ್ಕೆಗಳ ಸ್ಕೆಚ್‌ಗಳನ್ನು ಆ ದುಂಡಗಾದ ಅಂಚುಗಳಿಗೆ ಹಿಡಿಸಿ ಎಳೆದೆ. ಎರಡು ವಾರದ ನಂತರ ಫಿಲೆಟ್ಟನ್ನು 5 ಮಿ.ಮೀ. ಮಾಡಬೇಕಾಗಿ ಬಂತು. ಒಂದು ಸಂಖ್ಯೆ ಬದಲಾಯಿಸಿದೆ, ಅದರ ಕೆಳಗಿನ ಫೀಚರ್‌ಗಳೆಲ್ಲ ಕೆಂಪಾದವು. ಸಾಫ್ಟ್‌ವೇರ್ ಕೆಟ್ಟಿದೆ ಎಂದುಕೊಂಡೆ. ನಡೆದದ್ದು ಇಷ್ಟೇ: ಪಕ್ಕೆಗಳು ಹಿಡಿದುಕೊಂಡಿದ್ದ ಅಂಚುಗಳು ಹೊಸ ಲೆಕ್ಕದಲ್ಲಿ ಬೇರೆ ಅಂಚುಗಳಾಗಿದ್ದವು. ಹಳೆಯ ಅಂಚು ಯಾವುದು ಎಂದು ಅದಕ್ಕೆ ಗುರುತು ಸಿಗಲಿಲ್ಲ.

ಇದಕ್ಕೆ ಟೊಪೊಲಾಜಿಕಲ್ ನೇಮಿಂಗ್ ಸಮಸ್ಯೆ ಎಂದು ಹೆಸರು. ಪ್ಯಾರಾಮೆಟ್ರಿಕ್, ಅಂದರೆ ಅಳತೆಗಳೇ ಆಕಾರವನ್ನು ನಡೆಸುವ ಸಾಫ್ಟ್‌ವೇರ್‌ಗಳೆಲ್ಲ ಇದರ ಜೊತೆ ಹೆಣಗಿವೆ. ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ಫ್ರೀಕ್ಯಾಡ್, 2024ರ ನವೆಂಬರಿನಲ್ಲಿ ಬಂದ ತನ್ನ 1.0 ಆವೃತ್ತಿಯಲ್ಲಿ ಇದನ್ನು ಬಹಳಷ್ಟು ತಗ್ಗಿಸಿತು. ಸಾಫ್ಟ್‌ವೇರ್ ಎಷ್ಟೇ ಜಾಣವಾದರೂ ನಮ್ಮ ಕೈಯಲ್ಲಿರುವ ಮದ್ದು ಒಂದಿದೆ. ಸ್ಕೆಚ್‌ಗಳನ್ನು ಅಲುಗಾಡದ ಸಮತಲಗಳಿಗೆ, ಮೂಲಬಿಂದುವಿಗೆ ಕಟ್ಟಿ. ಅಂದಕ್ಕೆ ಹಾಕುವ ಫಿಲೆಟ್, ಚಾಂಫರ್ (ಅಂಚನ್ನು ಓರೆಯಾಗಿ ಕತ್ತರಿಸುವುದು) ಎಲ್ಲ ಕೊನೆಗಿರಲಿ.

ಪರದೆಯ 25, ಲೋಹದ 25

ಮಾಡೆಲ್‌ನಲ್ಲಿ ಶಾಫ್ಟಿನ, ಅಂದರೆ ಯಂತ್ರದ ದುಂಡು ದಂಡದ ವ್ಯಾಸ 25 ಮಿ.ಮೀ. ಎಂದು ಬರೆದರೆ ಅದು ಕರಾರುವಾಕ್ಕಾಗಿ 25. ಲೇತಿನಿಂದ ಇಳಿದು ಬರುವ ಶಾಫ್ಟ್ ಹಾಗಿರುವುದಿಲ್ಲ. ಒಂದು ಸ್ವಲ್ಪ ದಪ್ಪ, ಮುಂದಿನದು ಸ್ವಲ್ಪ ಸಣ್ಣ. ಎಷ್ಟು ಹೆಚ್ಚುಕಡಿಮೆ ಆದರೂ ಕೆಲಸ ನಡೆಯುತ್ತದೆ ಎಂದು ಹೇಳುವುದೇ ಟಾಲರೆನ್ಸ್.

ಒಂದು ಉದಾಹರಣೆ. 25 ಮಿ.ಮೀ. ತೂತಿನಲ್ಲಿ ಶಾಫ್ಟ್ ಅಲುಗಾಡದೆ, ಆದರೆ ಸರಾಗವಾಗಿ ಜಾರಬೇಕು. ಇದಕ್ಕೆ ಎಂಜಿನಿಯರ್‌ಗಳು ಎಚ್7/ಜಿ6 ಎಂಬ ಫಿಟ್ ಆರಿಸುತ್ತಾರೆ. ಅದರ ಪ್ರಕಾರ ತೂತು 25.000ರಿಂದ 25.021 ಮಿ.ಮೀ. ಒಳಗಿರಬೇಕು. ಶಾಫ್ಟ್ 24.980ರಿಂದ 24.993 ಒಳಗಿರಬೇಕು. ಅತಿ ಸಣ್ಣ ತೂತಿಗೆ ಅತಿ ದಪ್ಪ ಶಾಫ್ಟ್ ಸಿಕ್ಕಿದರೂ 0.007 ಮಿ.ಮೀ. ಸಂದು ಉಳಿಯುತ್ತದೆ. ಅತಿ ದೊಡ್ಡ ತೂತಿಗೆ ಅತಿ ಸಣ್ಣ ಶಾಫ್ಟ್ ಬಂದರೆ 0.041. ಈ ಎರಡು ಸಂಖ್ಯೆಗಳ ನಡುವೆ ಎಲ್ಲಿ ಬಂದರೂ ಯಂತ್ರ ನಡೆಯುತ್ತದೆ. ಪರದೆಯ ಮೇಲಿನ ಮಾಡೆಲ್‌ನಲ್ಲಿ ಮಾತ್ರ ಇದು ಏನೂ ಕಾಣುವುದಿಲ್ಲ. ತೂತೂ 25, ಶಾಫ್ಟೂ 25, ಒಂದರೊಳಗೊಂದು ಜಾಗವೇ ಇಲ್ಲದೆ ಕೂತಿರುತ್ತವೆ. ಭಾಗಗಳನ್ನು ಜೋಡಿಸಿದ ಮಾಡೆಲ್, ಅಂದರೆ ಅಸೆಂಬ್ಲಿ, ಎಲ್ಲ ಸರಿ ಎಂದು ಹಸಿರು ತೋರಿಸುತ್ತದೆ. ಟಾಲರೆನ್ಸ್ ಬರೆಯದೆ ಕಳಿಸಿದರೆ, ಶಾಫ್ಟ್ ತೂತಿಗೆ ಹೋಗುತ್ತದೋ ಇಲ್ಲವೋ ಎಂಬುದು ಅದೃಷ್ಟಕ್ಕೆ ಬಿಟ್ಟ ವಿಷಯ.

ಎಲ್ಲದಕ್ಕೂ ಬಿಗಿ ಟಾಲರೆನ್ಸ್ ಹಾಕಿಬಿಟ್ಟರೆ? ಪ್ರತಿ ಬಿಗಿ ಸಂಖ್ಯೆಗೂ ಹೆಚ್ಚಿನ ಸಮಯ, ಒಳ್ಳೆಯ ಯಂತ್ರ, ಜಾಸ್ತಿ ತಪಾಸಣೆ ಬೇಕು. ಬೇಕಾದಲ್ಲಿ ಬಿಗಿ, ಉಳಿದ ಕಡೆ ಸಡಿಲ ಎಂದು ಬೇರ್ಪಡಿಸುವುದೂ ಡಿಸೈನರ್ ಕೆಲಸವೇ.

ಕಡತದ ರೂಪವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. 3ಡಿ ಪ್ರಿಂಟಿಂಗಿಗೆ ಬಳಸುವ ಎಸ್‌ಟಿಎಲ್ ಕಡತದಲ್ಲಿ ವೃತ್ತ ಎಂಬುದೇ ಇಲ್ಲ, ಇರುವುದೆಲ್ಲ ತ್ರಿಕೋನಗಳು. 20 ಮಿ.ಮೀ. ವ್ಯಾಸದ ತೂತನ್ನು ಅದು 36 ಬದಿಗಳ ಆಕಾರವಾಗಿ ಬರೆದಿದೆ ಎಂದುಕೊಳ್ಳಿ. ಪ್ರತಿ ಬದಿಯ ನಡುಭಾಗ ನಿಜವಾದ ವೃತ್ತಕ್ಕಿಂತ 0.038 ಮಿ.ಮೀ. ಒಳಗಿರುತ್ತದೆ. ಮೇಲಿನ ತೂತಿಗೆ ನಾವು ಕೊಟ್ಟಿದ್ದ ಇಡೀ ಅವಕಾಶವೇ 0.021. ಆಟಿಕೆಗೆ ಇದು ಏನೂ ಅಲ್ಲ. ಬೇರಿಂಗ್ ಕೂರುವ ಜಾಗಕ್ಕೆ ಇದು ದೊಡ್ಡ ತಪ್ಪು.

ಒಂದು ಕ್ಯಾಡ್ ಸಾಫ್ಟ್‌ವೇರಿನಿಂದ ಇನ್ನೊಂದಕ್ಕೆ ಮಾಡೆಲ್ ಸಾಗಿಸುವ ಸ್ಟೆಪ್ ಕಡತ ಇದಕ್ಕಿಂತ ಎಷ್ಟೋ ವಾಸಿ, ವೃತ್ತ ವೃತ್ತವಾಗಿಯೇ ಉಳಿಯುತ್ತದೆ. ಆದರೆ ಸಾಮಾನ್ಯವಾಗಿ ಅದರಲ್ಲೂ ಆಕಾರ ಹೋಗುತ್ತದೆಯೇ ಹೊರತು ಫೀಚರ್‌ಗಳ ಮರ ಹೋಗುವುದಿಲ್ಲ. ತೂತು ನಡುವಿಗೆ ಕಟ್ಟಿದ್ದೋ, ಎಡ ಅಂಚಿಗೆ ಕಟ್ಟಿದ್ದೋ ಎಂಬ ಮಾಹಿತಿ ಅಲ್ಲಿಗೆ ಅಳಿಸಿಹೋಯಿತು.

ಬಣ್ಣದ ಚಿತ್ರ ಮುಳುಗಿಸಿದ ಕಟ್ಟಡ

ಮಾಡೆಲ್ ಮುಗಿದ ಮೇಲೆ ವಿದ್ಯಾರ್ಥಿಗಳಿಗೆ ಬಹಳ ಇಷ್ಟವಾಗುವ ಭಾಗ ಸಿಮ್ಯುಲೇಷನ್. ಭಾರ ಹಾಕಿ ಬಟನ್ ಒತ್ತಿದರೆ ನೀಲಿ, ಹಸಿರು, ಕೆಂಪು ಬಣ್ಣದ ಚಿತ್ರ ಬರುತ್ತದೆ. ಕೆಂಪು ಇಲ್ಲದಿದ್ದರೆ ಸಾಕು, ಗಟ್ಟಿಯಾಗಿದೆ ಎಂದು ವರದಿಗೆ ಹಾಕಿಬಿಡುತ್ತೇವೆ.

1991ರ ಆಗಸ್ಟ್ 23ರಂದು ನಾರ್ವೆಯ ಒಂದು ಕಡಲಚಾಚಿನಲ್ಲಿ ಸ್ಲೈಪ್ನರ್ ಎ ಎಂಬ ತೈಲ ವೇದಿಕೆಯ ಬೃಹತ್ ಕಾಂಕ್ರೀಟ್ ತಳಹದಿಯನ್ನು ಪರೀಕ್ಷೆಗಾಗಿ ನೀರಿಗೆ ಇಳಿಸುತ್ತಿದ್ದರು. ಸುಮಾರು 65 ಮೀಟರ್ ಆಳದಲ್ಲಿ ಒಂದು ಗೋಡೆ ಬಿರಿಯಿತು. ನೀರು ನುಗ್ಗಿ ಇಡೀ ತಳಹದಿ ಮುಳುಗಿ ಪುಡಿಯಾಯಿತು. ತನಿಖೆಯಲ್ಲಿ ಗೊತ್ತಾದ ಕಾರಣ ಪ್ರತಿ ವಿದ್ಯಾರ್ಥಿಗೂ ತಿಳಿದಿರಬೇಕು. ತಳಹದಿಯ ಪೊಳ್ಳು ಕೋಶಗಳ ಗೋಡೆಗಳು ಸೇರುವ ಜಾಗವನ್ನು ಫೈನೈಟ್ ಎಲಿಮೆಂಟ್ ವಿಶ್ಲೇಷಣೆಯಲ್ಲಿ (ಆಕಾರವನ್ನು ಸಣ್ಣ ತುಂಡುಗಳಾಗಿ ಒಡೆದು ಲೆಕ್ಕ ಹಾಕುವ ವಿಧಾನ) ತೀರಾ ಒರಟಾದ ಮೆಶ್‌ನಿಂದ, ಅಂದರೆ ದೊಡ್ಡ ತುಂಡುಗಳ ಬಲೆಯಿಂದ ಬಿಡಿಸಿದ್ದರು. ಹೀಗಾಗಿ ಅಲ್ಲಿನ ಶಿಯರ್ ಒತ್ತಡವನ್ನು (ಗೋಡೆಯನ್ನು ಕತ್ತರಿಸುವಂತೆ ಬೀಳುವ ಒತ್ತಡ) ಕಂಪ್ಯೂಟರ್ ನಿಜಕ್ಕಿಂತ ಶೇಕಡಾ 47ರಷ್ಟು ಕಡಿಮೆ ಹೇಳಿತು. ಅದನ್ನು ನಂಬಿ ಕೆಲವು ಗೋಡೆಗಳನ್ನು ತೆಳ್ಳಗೆ ಮಾಡಿದರು, ಒಳಗಿನ ಕಬ್ಬಿಣವೂ ಸಾಲದೆ ಹೋಯಿತು. ಅಪಘಾತದ ನಂತರ ಸೂಕ್ಷ್ಮವಾದ ಮೆಶ್‌ನಿಂದ ಮತ್ತೆ ಲೆಕ್ಕ ಹಾಕಿದಾಗ 62 ಮೀಟರ್ ಆಳದಲ್ಲಿ ಒಡೆಯುತ್ತದೆ ಎಂದು ಬಂತು. ನಿಜಕ್ಕೆ ಎಷ್ಟು ಹತ್ತಿರ ನೋಡಿ.

ಸಾಫ್ಟ್‌ವೇರ್ ಕೊಟ್ಟ ಕೆಲಸ ಮಾಡಿತ್ತು. ಯಾವ ಮೂಲೆಗೆ ಎಷ್ಟು ಗಮನ ಕೊಡಬೇಕು ಎಂದು ಹೇಳಬೇಕಾಗಿದ್ದವರು ಹೇಳಿರಲಿಲ್ಲ. ಆದ್ದರಿಂದ ಮೆಶ್ ಗಾತ್ರವನ್ನು ಅರ್ಧಕ್ಕೆ ಇಳಿಸಿ ಮತ್ತೊಮ್ಮೆ ಓಡಿಸುವ ಅಭ್ಯಾಸ ಇರಲಿ. ಉತ್ತರ ಜಾಸ್ತಿ ಬದಲಾದರೆ ಮೊದಲನೆಯದನ್ನು ನಂಬಬೇಡಿ. ಕಾಗದದ ಮೇಲೆ ಸಾದಾ ಬೀಮ್ ಸೂತ್ರದಿಂದ ಒಂದು ಅಂದಾಜು ಮಾಡಿಟ್ಟುಕೊಳ್ಳಿ. ಹತ್ತು ಪಟ್ಟು ವ್ಯತ್ಯಾಸ ಬಂದರೆ ಎಲ್ಲೋ ಯೂನಿಟ್ ತಪ್ಪಿದೆ, ಇಲ್ಲವೇ ಹಿಡಿದಿಟ್ಟ ಜಾಗ ತಪ್ಪಿದೆ.

ತಂಡದ ಮಾತು

ಒಬ್ಬರೇ ಪ್ರಾಜೆಕ್ಟ್ ಮಾಡುವಾಗ ಇದು ಅರಿವಿಗೆ ಬರುವುದಿಲ್ಲ. ಬೋಯಿಂಗ್ 777 ವಿಮಾನವನ್ನು ಪೂರ್ತಿಯಾಗಿ ಕಟಿಯಾ ಎಂಬ ಕ್ಯಾಡ್ ವ್ಯವಸ್ಥೆಯಲ್ಲಿ ರೂಪಿಸಿದರು. ಭಾಗಗಳು ಒಂದಕ್ಕೊಂದು ತಾಗುತ್ತವೆಯೇ ಎಂದು ಲೋಹ ಕತ್ತರಿಸುವ ಮೊದಲೇ ಪರದೆಯಲ್ಲಿ ಜೋಡಿಸಿ ನೋಡಿದರು. ಅದು 1994ರಲ್ಲಿ ಮೊದಲ ಬಾರಿ ಹಾರಿತು. ಸುಮಾರು ಹತ್ತು ವರ್ಷದ ನಂತರ ಏರ್‌ಬಸ್ ಎ380ರಲ್ಲಿ ಅದೇ ಕಟಿಯಾದ ಎರಡು ಬೇರೆ ಆವೃತ್ತಿಗಳನ್ನು ಬೇರೆ ಬೇರೆ ದೇಶಗಳ ತಂಡಗಳು ಬಳಸುತ್ತಿದ್ದವು. ಒಂದೊಂದು ವಿಮಾನದಲ್ಲೂ 500 ಕಿಲೋಮೀಟರಿಗಿಂತ ಹೆಚ್ಚು ವೈರಿಂಗ್ ಇತ್ತು. ಹ್ಯಾಂಬರ್ಗ್‌ನಿಂದ ಬಂದ ವೈರ್ ಕಟ್ಟುಗಳು ಟುಲೂಸ್‌ನಲ್ಲಿ ಜೋಡಿಸುವಾಗ ಸರಿಹೊಂದಲಿಲ್ಲ. 2006ರಲ್ಲಿ ಈ ವಿಷಯ ಹೊರಬಂತು, ವಿಮಾನ ಹಸ್ತಾಂತರ ವರ್ಷಗಟ್ಟಲೆ ತಡವಾಯಿತು. ಆವೃತ್ತಿ, ಕಡತದ ಹೆಸರು, ಯಾರು ಯಾವಾಗ ಏನು ಬದಲಾಯಿಸಿದರು ಎಂಬ ಟಿಪ್ಪಣಿ, ಇವೆಲ್ಲ ನೀರಸ ಎನಿಸಬಹುದು. ಮೂರು ಜನರ ಕಾಲೇಜು ಪ್ರಾಜೆಕ್ಟಿನಲ್ಲೂ ಇವನ್ನು ಮೊದಲ ದಿನವೇ ಒಪ್ಪಿಕೊಳ್ಳಿ.

ಹಾಗಾದರೆ ಎಐ?

ಪದಗಳಿಂದ ಆಕಾರ ಮಾಡುವ ಸಾಧನಗಳನ್ನು ನಾನು ತಳ್ಳಿಹಾಕುವುದಿಲ್ಲ. ಮೊದಲ ಕರಡು ಬೇಗ ಸಿಗುತ್ತದೆ, ಬೇಸರದ ಕೆಲಸ ತಗ್ಗುತ್ತದೆ. ಆದರೆ ಆ ಬ್ರಾಕೆಟ್ಟನ್ನು ಮತ್ತೆ ನೋಡೋಣ. ಯಾವ ಮುಖ ಗೋಡೆಗೆ ಕೂರುತ್ತದೆ? ನಾಲ್ಕು ತೂತುಗಳ ಅಂತರ ಯಾವ ಅಂಚಿನಿಂದ ಅಳೆಯಬೇಕು? ಯಾವ ತೂತಿಗೆ ಬಿಗಿ ಫಿಟ್, ಯಾವುದಕ್ಕೆ ಸಡಿಲ? ಮಿಲ್ಲಿಂಗ್‌ನಲ್ಲಿ ಮಾಡುವುದೋ, ತಗಡು ಬಗ್ಗಿಸಿ ಮಾಡುವುದೋ? ಮಿಲ್ಲಿಂಗ್ ಆದರೆ (ತಿರುಗುವ ಕಟ್ಟರ್‌ನಿಂದ ಲೋಹ ಕೆತ್ತುವುದು) ಕಟ್ಟರ್ ತಿರುಗಿ ಬರುವ ಒಳಮೂಲೆ ಚೂಪಾಗಿರಲು ಸಾಧ್ಯವೇ ಇಲ್ಲ. 10 ಮಿ.ಮೀ. ಕಟ್ಟರ್ ತಿರುಗಿ ಬಂದ ಮೂಲೆಯಲ್ಲಿ ಕಡಿಮೆ ಎಂದರೂ 5 ಮಿ.ಮೀ. ತ್ರಿಜ್ಯದ ದುಂಡು ಉಳಿಯುತ್ತದೆ. 'ಎಲ್ ಆಕಾರ, ನಾಲ್ಕು ತೂತು' ಎಂಬ ಮಾತಿನಲ್ಲಿ ಇದು ಯಾವುದೂ ಇರಲಿಲ್ಲ. ಹೇಳದೆ ಬಿಟ್ಟದ್ದನ್ನು ಸಾಧನ ಊಹಿಸಿ ತುಂಬುತ್ತದೆ. ಊಹೆ ಸರಿಯೋ ತಪ್ಪೋ ಎಂದು ಗುರುತಿಸಬೇಕಾದವರು ನೀವು.

ಟೊಪಾಲಜಿ ಆಪ್ಟಿಮೈಜೇಷನ್ ವಿಷಯದಲ್ಲೂ ಹೀಗೆಯೇ. ಭಾರ ಮತ್ತು ಆಧಾರ ಹೇಳಿದರೆ, ಬೇಡದ ವಸ್ತು ತೆಗೆದು ಎಲುಬಿನಂಥ ಹಗುರ ಆಕಾರ ಕೊಡುತ್ತದೆ. ಒಂದು ದಿಕ್ಕಿನ ಭಾರ ಹೇಳಲು ಮರೆತರೆ, ಆ ದಿಕ್ಕಿಗೆ ಬಲವೇ ಇಲ್ಲದ ಸುಂದರ ಆಕಾರ ಬರುತ್ತದೆ.

ನನ್ನ ಲೆಕ್ಕದಲ್ಲಿ ಬೆಲೆ ಇಳಿಯುತ್ತಿರುವುದು ಬಟನ್ ಎಲ್ಲಿದೆ ಎಂಬ ಜ್ಞಾನಕ್ಕೆ. ಅದಕ್ಕಾಗಿ ಯಾವ ಸಾಫ್ಟ್‌ವೇರ್ ಕಲಿಯಲಿ ಎಂದು ತಿಂಗಳುಗಟ್ಟಲೆ ತಲೆಕೆಡಿಸಿಕೊಳ್ಳಬೇಡಿ. ಕಾಲೇಜಿನಲ್ಲಿ ಇರುವುದನ್ನು ಕಲಿಯಿರಿ, ಏನೂ ಇಲ್ಲದಿದ್ದರೆ ಫ್ರೀಕ್ಯಾಡ್ ಇದೆ. ಒಂದರಲ್ಲಿ ಕೈ ಕೂತರೆ ಇನ್ನೊಂದಕ್ಕೆ ಹೊಂದಿಕೊಳ್ಳಲು ಹೆಚ್ಚು ದಿನ ಬೇಕಾಗುವುದಿಲ್ಲ.

ಅಭ್ಯಾಸಕ್ಕೆ ವಿಡಿಯೋ ನೋಡಿ ಅದನ್ನೇ ನಕಲು ಮಾಡುವುದಕ್ಕಿಂತ ಈ ದಾರಿ ಹಿಡಿದು ನೋಡಿ. ಕೈಗೆ ಸಿಗುವ ಒಂದು ವಸ್ತು ಆರಿಸಿ: ಬಾಗಿಲ ಕೀಲು, ಪೈಪಿನ ಕ್ಲಾಂಪ್, ಏನಾದರೂ ಸರಿ. ವರ್ನಿಯರ್ ಕ್ಯಾಲಿಪರ್‌ನಿಂದ ಅಳೆದು, ಕಾಗದದ ಮೇಲೆ ಕೈಯಲ್ಲಿ ಸ್ಕೆಚ್ ಮಾಡಿ. ಯಾವ ಮುಖ ಯಾವುದಕ್ಕೆ ತಾಗುತ್ತದೆ ಎಂದು ಗುರುತು ಹಾಕಿ. ಆಮೇಲೆ ಕಂಪ್ಯೂಟರ್ ತೆರೆಯಿರಿ. ಮಾಡೆಲ್ ಮುಗಿದ ಮೇಲೆ ಅದನ್ನು ಗೆಳೆಯರೊಬ್ಬರಿಗೆ ಕೊಡಿ. 'ಕೀಲಿನ ಅಗಲ 10 ಮಿ.ಮೀ. ಹೆಚ್ಚಿಸು' ಎಂದಷ್ಟೇ ಹೇಳಿ, ಪಕ್ಕದಲ್ಲಿ ಕೂತು ಮಾತಾಡದೆ ನೋಡಿ. ಅವರು ಯಾವ ಸ್ಕೆಚ್ ತೆರೆಯುತ್ತಾರೆ, ಎಲ್ಲಿ ತಡವರಿಸುತ್ತಾರೆ, ಯಾವ ಫೀಚರ್ ಕೆಂಪಾಗುತ್ತದೆ, ಸ್ಕ್ರೂ ತೂತುಗಳು ಎಲ್ಲಿಗೆ ಸರಿಯುತ್ತವೆ ಎಂದು ಬರೆದಿಟ್ಟುಕೊಳ್ಳಿ. ಮರುದಿನ ಅದೇ ಕೀಲನ್ನು ಖಾಲಿ ಕಡತದಲ್ಲಿ ಮೊದಲಿನಿಂದ ಮಾಡಿ.